ಸತ್ತವರು ಹೆಲ್ಮೆಟ್ಟು ತೆಗೆಯತಕ್ಕದ್ದು

ಮೇಜರ್ ಎವಾಲ್ಡ್ ಫಾನ್ ಗ್ರಾಬೋ ಆ ಬೆಳಿಗ್ಗೆ ಕುದುರೆಯ ಮೇಲೆ ಕೂತಿರಲಿಲ್ಲ. ಕೂತಂತೆ ಕಾಣುತ್ತಿದ್ದ, ಅಷ್ಟೆ. ಪೃಷ್ಠದ ಮೇಲೆ, ಸೈನ್ಯದ ಭಾಷೆಯಲ್ಲೇ ಹೇಳುವುದಾದರೆ ಎಡ ಪಾರ್ಶ್ವದಲ್ಲಿ, ಸರಿಯಾಗಿ ಜೀನು ಒತ್ತುವ ಕಡೆಯೇ ಎರಡು ಮೂರು ದಿನದಿಂದ ಒಂದು ಕುರು ಎದ್ದು ಬೀಡುಬಿಟ್ಟಿತ್ತು. ಸೈನ್ಯವನ್ನು ಎಲ್ಲಿ ಕೂರಿಸಬೇಕು, ಎಲ್ಲಿಂದ ಎಬ್ಬಿಸಬೇಕು ಎಂದು ಎರಡು ಸಂಪುಟ ಬರೆದು, ಮೂರು ಮುದ್ರಣ ಕಂಡ ಮನುಷ್ಯ ತಾನು ಎಲ್ಲಿ ಕೂರಬೇಕೆಂದು ತಿಳಿಯದೆ ಕಾಲಿಡುವ ರಿಕಾಪಿನ ಮೇಲೆ ಅರ್ಧ ಎದ್ದು ನಿಂತಿದ್ದ. ದೂರದಿಂದ ನೋಡುವವರಿಗೆ ಮೇಜರು ಶತ್ರುವಿನ ಚಲನವಲನದ ಮೇಲೆ ಕಣ್ಣಿಟ್ಟಿದ್ದಾರೆ ಅನ್ನಿಸಬೇಕು ಎಂಬುದು ಅವನ ಆಸೆ. ರೆಜಿಮೆಂಟಿನ ಡಾಕ್ಟರಿಗೆ ತೋರಿಸಬಹುದಿತ್ತು. ಆದರೆ ಆ ಡಾಕ್ಟರು ಸಂಜೆ ಹೊತ್ತು ಇಸ್ಪೀಟಾಡುವಾಗ ರೋಗಿಗಳ ವಿಷಯವನ್ನೂ ಮೇಜಿನ ಮೇಲೆ ಎಸೆಯುವ ಪೈಕಿ. ಪುಸ್ತಕದಿಂದ ಬಂದ ಕೀರ್ತಿಗೆ ಹೋಲಿಸಿದರೆ ಕುರುವಿನಿಂದ ಬರಬಹುದಾದ ಕೀರ್ತಿ ಬೇಗ ಹರಡುತ್ತದೆಂದು ಗ್ರಾಬೋಗೆ ಗೊತ್ತಿತ್ತು. ಹಾಗಾಗಿ ಹಲ್ಲು ಕಚ್ಚಿಕೊಂಡು ಮುದಿ ಹೆಣ್ಣು ಕುದುರೆಯ ಕಿವಿಗಳ ನಡುವೆ ಕಾಣುವ ಆಲೂಗಡ್ಡೆ ಹೊಲವನ್ನು ನೋಡುತ್ತಿದ್ದ.

ತೋಳಿಗೆ ಬಿಳಿ ಪಟ್ಟಿ ಕಟ್ಟಿಕೊಂಡಿದ್ದ. ಶರತ್ಕಾಲದ ಅಣಕು ಯುದ್ಧದ ಕೊನೆಯ ದಿನ ಅದು, ಮತ್ತು ಅವನು ತೀರ್ಪುಗಾರ. ನೀಲಿ ಪಕ್ಷ ಒಂದು ಕಡೆ, ಕೆಂಪು ಪಕ್ಷ ಇನ್ನೊಂದು ಕಡೆ. ಎರಡೂ ಪಕ್ಷದ ಬಂದೂಕುಗಳಲ್ಲಿ ಗುಂಡಿಲ್ಲದ ತೋಟಾ, ಬರೀ ಹೊಗೆ, ಬರೀ ಸದ್ದು. ಗುಂಡೇ ಇಲ್ಲದ ಮೇಲೆ ಸತ್ತವರು ಯಾರು, ಬದುಕಿದವರು ಯಾರು ಎಂದು ಯಾರಾದರೂ ಹೇಳಬೇಕಲ್ಲ. ಬೇರೆ ದೇಶಗಳಲ್ಲಿ ದೇವರು ಮಾಡುವ ಈ ಕೆಲಸವನ್ನು ಪ್ರಷ್ಯದ ಸೈನ್ಯ ಮೇಜರುಗಳಿಗೆ ವಹಿಸಿತ್ತು. ನಿಯಮಾವಳಿ ಬಹಳ ಸ್ಪಷ್ಟವಾಗಿತ್ತು: ತೀರ್ಪುಗಾರ ಎರಡೂ ಪಡೆಗಳ ನಡುವೆ ಹೋಗಿ ನಿಲ್ಲತಕ್ಕದ್ದು, ತೀರ್ಪನ್ನು ಗಟ್ಟಿಯಾಗಿ ಹೇಳತಕ್ಕದ್ದು, ಸತ್ತವರು ಹೆಲ್ಮೆಟ್ಟು ತೆಗೆದು ಕೈಯಲ್ಲಿ ಹಿಡಿದು ಮಾತಾಡದೆ ಹಿಂದಕ್ಕೆ ಹೋಗತಕ್ಕದ್ದು. ಆ ಕೊನೆಯ ವಾಕ್ಯ ಗ್ರಾಬೋನದೇ. ಸಮಿತಿಯಲ್ಲಿ ಕೂತು ಅರ್ಧ ದಿನ ವಾದಿಸಿ ಸೇರಿಸಿದ್ದ. ಸತ್ತ ಮೇಲೂ ಸೈನಿಕರು ಹರಟುತ್ತಾರೆ, ಅದು ಶಿಸ್ತಲ್ಲ ಎಂದು. ಬರೆಯದೇ ಬಿಟ್ಟ ನಿಯಮ ಒಂದೇ. ಕೊನೆಯ ದಿನ, ಊಟಕ್ಕೆ ಸ್ವಲ್ಪ ಮುಂಚೆ, ಪ್ರಿನ್ಸ್ ಎಬರ್‌ವಿನ್ ಸ್ವತಃ ತಮ್ಮ ಡ್ರಗೂನ್ ಕುದುರೆ ದಂಡಿನ ಮುಂದೆ ನಿಂತು ಪದಾತಿಯ ಮೇಲೆ ನುಗ್ಗುತ್ತಾರೆ, ಮತ್ತು ಗೆಲ್ಲುತ್ತಾರೆ. ಅದು ಮಳೆ ಬಂದರೂ ತಪ್ಪದ ಕಾರ್ಯಕ್ರಮ. ಹಿಂದೊಮ್ಮೆ ಒಬ್ಬ ತೀರ್ಪುಗಾರ ‘ಭಾಗಶಃ ಗೆಲುವು’ ಎಂದಿದ್ದ. ಅವನೀಗ ವೀಸ್‌ಬಾಡೆನ್‌ನಲ್ಲಿ ನಿವೃತ್ತರ ಎತ್ತರದ ಟೋಪಿ ಹಾಕಿಕೊಂಡು ಬಿಸಿನೀರಿನ ಬುಗ್ಗೆಯ ಸುತ್ತ ವಾಕಿಂಗ್ ಹೋಗುತ್ತಾನೆಂದು ಸುದ್ದಿ.

ಎತ್ತರದ ಟೋಪಿಯನ್ನು ನೆನೆದರೆ ಗ್ರಾಬೋ ತನ್ನ ಹೆಲ್ಮೆಟ್ಟನ್ನು ಮುಟ್ಟಿ ನೋಡಿಕೊಳ್ಳುತ್ತಿದ್ದ. ಪ್ರಷ್ಯದ ಸೈನ್ಯದಲ್ಲಿ ಮೇಜರನ ದರ್ಜೆ ಒಂದು ಇಕ್ಕಟ್ಟಿನ ತಿರುವು. ಬಹಳ ಗಾಡಿಗಳು ಮಗುಚುವುದು ಅಲ್ಲೇ. ನಿನಗಿಂತ ಕಿರಿಯನೊಬ್ಬನಿಗೆ ಬಡ್ತಿ ಸಿಕ್ಕಿತು ಅನ್ನು, ಯಾರೂ ನಿನಗೆ ಹೋಗು ಎನ್ನುವುದಿಲ್ಲ. ಮರ್ಯಾದಸ್ಥ ತಾನಾಗಿ ನಿವೃತ್ತಿ ಕೇಳಬೇಕು. ಕೇಳದಿದ್ದರೆ ಕ್ಲಬ್ಬಿನಲ್ಲಿ ನಿನ್ನ ಪಕ್ಕದ ಕುರ್ಚಿ ಖಾಲಿಯಾಗಿರುತ್ತದೆ, ಅಷ್ಟೆ. ಈ ವರ್ಷ ಗ್ರಾಬೋನ ಸರದಿ. ಹೆಸರುಗಳು ಬರ್ಲಿನ್ನಿಗೆ ಹೋಗುವ ಮುಂಚೆ ಪ್ರಿನ್ಸ್ ಒಂದು ಮಾತು ಹೇಳುತ್ತಾರೆ. ಆ ಒಂದು ಮಾತಿನ ಮೇಲೆ ಮನುಷ್ಯ ಲೆಫ್ಟಿನೆಂಟ್ ಕರ್ನಲ್ ಆಗುತ್ತಾನೆ ಅಥವಾ ಬುಗ್ಗೆಯ ಸುತ್ತ ತಿರುಗುತ್ತಾನೆ. ಹೆಂಡತಿ ಒಟೀಲಿಯ ಹೊರಡುವ ದಿನ ಕನ್ನಡಿಯ ಮುಂದೆ ತಲೆ ಬಾಚಿಕೊಳ್ಳುತ್ತ, ಅವನ ಕಡೆ ತಿರುಗದೆಯೇ, ಪುಸ್ತಕದಲ್ಲಿ ಏನು ಬೇಕಾದರೂ ಬರೆದುಕೊಳ್ಳಿ, ಪ್ರಿನ್ಸ್ ಎದುರಿಗೆ ಮಾತ್ರ ಬಾಯಿ ಬಿಡಬೇಡಿ ಎಂದಿದ್ದಳು. ಗ್ರಾಬೋ ಕನ್ನಡಿಯೊಳಗಿನ ಹೆಂಡತಿಗೆ ಆಗಲಿ ಎಂದು ತಲೆಯಾಡಿಸಿದ್ದ. ಮದುವೆಯಾದಾಗಿನಿಂದ ಅವರ ಮುಖ್ಯ ಮಾತುಕತೆಗಳೆಲ್ಲ ಕನ್ನಡಿಯ ಮೂಲಕವೇ ನಡೆದಿದ್ದವು.

ಹಾಗೆ ನೋಡಿದರೆ ಬಾಯಿ ಬಿಡುವ ಪ್ರಸಂಗ ನಿನ್ನೆಯೇ ಬಂದಿತ್ತು. ಅಧಿಕಾರಿಗಳನ್ನೆಲ್ಲ ಇಳಿಸಿದ್ದ ಜಮೀನ್ದಾರರ ಮನೆಯಲ್ಲಿ ಹುರಿದ ಬಾತುಕೋಳಿಯ ಊಟ. ಪ್ರಿನ್ಸ್ ಮೂಳೆ ಚೀಪುತ್ತ ಮೇಜಿನ ಆ ತುದಿಯಿಂದ, ನಮ್ಮ ಪ್ರೊಫೆಸರ್ ಎಲ್ಲಿ, ಎಂದು ಕೂಗಿದ್ದರು. ಸೈನ್ಯದಲ್ಲಿ ಪ್ರೊಫೆಸರ್ ಅನ್ನುವುದು ಬೈಗುಳ. ಹೇಡಿ ಅಂದರೆ ದ್ವಂದ್ವಯುದ್ಧಕ್ಕೆ ಕರೆಯಬಹುದು, ಪ್ರೊಫೆಸರ್ ಅಂದರೆ ನಗಬೇಕು. ಗ್ರಾಬೋ ಎದ್ದು ನಿಂತು ನಕ್ಕಿದ್ದ. ನಿಮ್ಮ ಪುಸ್ತಕದಲ್ಲಿ ನನ್ನ ಎಷ್ಟು ಕುದುರೆಗಳನ್ನು ಕೊಂದಿದ್ದೀರಿ ಎಂದು ಪ್ರಿನ್ಸ್ ಕೇಳಿದರು. ಎಲ್ಲವನ್ನೂ ಎನ್ನುವುದು ಸರಿಯಾದ ಉತ್ತರ. ಬೆದರದ ಪದಾತಿಯ ಮೇಲೆ, ಈಗಿನ ಬಂದೂಕಿನ ಎದುರು, ಬಯಲಿನಲ್ಲಿ ಕುದುರೆ ದಂಡನ್ನು ನುಗ್ಗಿಸುವುದು ಯುದ್ಧವಲ್ಲ, ಕಟುಕತನ ಎಂದು ಎರಡನೆಯ ಸಂಪುಟದಲ್ಲಿ ಅವನೇ ಬರೆದಿದ್ದ. ಅದಕ್ಕೇ ಅವನ ಹೆಸರು ವಿಯೆನ್ನಾದವರೆಗೂ ಹೋಗಿತ್ತು. ಆದರೆ ಅವನ ಬಾಯಿಂದ ಬಂದದ್ದು, ಕಾಗದದ ಕುದುರೆಗಳು ಪ್ರಭುಗಳೇ, ಅವಕ್ಕೆ ಹುಲ್ಲೂ ಬೇಡ, ಎಂಬ ಮಾತು. ಮೇಜಿಗೆ ಮೇಜೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಎಲ್ಲರಿಗಿಂತ ಜೋರಾಗಿ ನಕ್ಕವನು ಗ್ರಾಬೋನೇ. ನಗುತ್ತ ಕೂರಲು ಹೋಗಿ ಕುರು ಕುರ್ಚಿಯ ಅಂಚಿಗೆ ತಾಗಿ ಕಣ್ಣಲ್ಲಿ ನೀರು ಬಂತು. ಅದನ್ನೂ ನಗುವಿನ ಲೆಕ್ಕಕ್ಕೇ ಹಾಕಿದರು.

ಕಟುಕತನದ ಆ ವಾಕ್ಯವನ್ನು ಅವನು ಲೈಬ್ರರಿಯಲ್ಲಿ ಕೂತು ಕಂಡುಹಿಡಿದಿರಲಿಲ್ಲ ಎಂಬುದು ಅಲ್ಲಿದ್ದ ಯಾರಿಗೂ ಗೊತ್ತಿರಲಿಲ್ಲ. ಬಿಯರಿಗೆ ಹಾಕುವ ಹಾಪ್ಸ್ ಬಳ್ಳಿಗಳ ತೋಟ ಅದು, ಫ್ರಾನ್ಸಿನಲ್ಲಿ, ಆಗಸ್ಟ್ ತಿಂಗಳು, ಎತ್ತರದ ಕಂಬಗಳ ಮೇಲೆ ಹಸಿರು ಬಳ್ಳಿ ಜೋತುಬಿದ್ದಿತ್ತು. ಬಳ್ಳಿಗಳ ನಡುವಿನಿಂದ ಫ್ರೆಂಚರ ಕವಚಧಾರಿ ಕುದುರೆ ದಂಡು ಬಂತು. ಎದೆಗೆ ಕಟ್ಟಿದ ಉಕ್ಕು ಹೊಳೆಯುತ್ತಿತ್ತು. ಗ್ರಾಬೋ ಆಗ ಕಿರಿಯ ಲೆಫ್ಟಿನೆಂಟ್, ಗೋಡೆಯೊಂದರ ಹಿಂದೆ ಅವನ ತುಕಡಿ. ಎಷ್ಟು ಚೆಂದ ಬರುತ್ತಿದ್ದಾರೆ ಎಂದು ಪಕ್ಕದಲ್ಲಿದ್ದ ಸಾರ್ಜೆಂಟ್ ಹೇಳಿದ್ದ, ಮದುವೆ ಮೆರವಣಿಗೆ ನೋಡಿದವನ ಹಾಗೆ. ಗ್ರಾಬೋ ಗುಂಡು ಹಾರಿಸಲು ಹೇಳಿದ. ಹೊಗೆ ಕರಗಿದಾಗ ಎದುರಿಗೆ ಕುದುರೆಗಳ ಒಂದು ದಿಬ್ಬ ಎದ್ದಿತ್ತು, ಅದು ಇನ್ನೂ ಕಾಲಾಡಿಸುತ್ತಿತ್ತು. ಅವನ ಹುಡುಗರು ನಗುತ್ತಿದ್ದರು, ಬದುಕಿದೆವಲ್ಲ ಎಂಬ ನಗು. ಆ ದಿಬ್ಬದಿಂದ ಒಬ್ಬ ಎದ್ದು ಬಂದ. ಮೀಸೆ ಕೂಡ ಸರಿಯಾಗಿ ಮೂಡದ ಅಧಿಕಾರಿ, ಒಂದೇ ಕಾಲಿಗೆ ಬೂಟು, ಕೈಯಲ್ಲಿ ಕತ್ತಿಯೂ ಇರಲಿಲ್ಲ. ದಾರಿ ಕೇಳಲು ಬರುವವನಂತೆ ನೇರ ಗೋಡೆಯ ಕಡೆಗೆ ನಡೆದು ಬಂದ. ಗ್ರಾಬೋಗೆ ಏನು ಮಾಡಬೇಕೆಂದು ತೋಚಲಿಲ್ಲ. ತೋಚದಿದ್ದಾಗ ಸೈನ್ಯದಲ್ಲಿ ಮಾಡುವುದನ್ನೇ ಮಾಡಿದ. ಹಿಂದಿನ ಆಜ್ಞೆಯನ್ನು ಇನ್ನೊಮ್ಮೆ ಕೂಗಿದ. ಪುಸ್ತಕದಲ್ಲಿ ಅದು, ‘ಎರಡನೆಯ ಸುತ್ತಿನ ಗುಂಡು ಮೊದಲನೆಯದಕ್ಕಿಂತ ಶಾಂತವಾಗಿ, ಹೆಚ್ಚು ನಿಖರವಾಗಿ ಬೀಳುತ್ತದೆ’ ಎಂದು ಬಂದಿದೆ. ವಿಮರ್ಶಕರು ಆ ವಾಕ್ಯದ ಸಂಯಮವನ್ನು ಮೆಚ್ಚಿ ಬರೆದಿದ್ದರು.

ಕುದುರೆ ಕಾಲು ಬದಲಾಯಿಸಿತು, ಕುರು ಚುರ್ರೆಂದಿತು, ಹಾಪ್ಸ್ ತೋಟ ಮತ್ತೆ ಆಲೂಗಡ್ಡೆ ಹೊಲವಾಯಿತು. ಹೊಲದ ಅಂಚಿನ ಕಾಲುವೆಯೊಳಗೆ ನೀಲಿ ಪಕ್ಷದ ಒಂದು ಕಂಪನಿ ಮಲಗಿತ್ತು. ಅದರ ನಾಯಕ ಕ್ಯಾಪ್ಟನ್ ರೋಲೋಫ್, ಔಷಧಿ ಅಂಗಡಿಯವನ ಮಗ. ಹೆಸರಿನ ಮುಂದೆ ಕುಲೀನರ ಗುರುತಾದ ‘ಫಾನ್’ ಇಲ್ಲದ್ದರಿಂದ ಎಲ್ಲವನ್ನೂ ಎರಡು ಪಟ್ಟು ಚೆನ್ನಾಗಿ ಮಾಡಬೇಕಾದವನು, ಮಾಡುತ್ತಿದ್ದವನು. ಯುದ್ಧಶಾಲೆಯಲ್ಲಿ ಗ್ರಾಬೋನ ಶಿಷ್ಯ. ಗುರುವಿನ ಪುಸ್ತಕ ಅವನಿಗೆ ಬಾಯಿಪಾಠ. ಕಾಲುವೆಯ ಆಯ್ಕೆ, ಮುಂದೆ ತೆರೆದ ಕೂಳೆ ಹೊಲ, ಬಲಕ್ಕೆ ಕುದುರೆ ಕಾಲಿಡಲಾರದ ಜೌಗು, ಎಲ್ಲವೂ ಎರಡನೆಯ ಸಂಪುಟದಿಂದ ಎತ್ತಿಟ್ಟಂತಿತ್ತು. ರೋಲೋಫ್ ಬೆಳಿಗ್ಗೆ ಸಲ್ಯೂಟ್ ಹೊಡೆದು, ಜಾಗ ಹೇಗಿದೆ ಮೇಜರ್ ಸಾಹೇಬರೇ ಎಂದು ಕೇಳಿದ್ದ. ಮೊದಲ ಅಡುಗೆ ಬಡಿಸಿದ ಸೊಸೆಯ ಮುಖವಿತ್ತು ಅವನದು. ಪರವಾಗಿಲ್ಲ ಎಂದಿದ್ದ ಗ್ರಾಬೋ. ಪರವಾಗಿತ್ತು. ಇಡೀ ಬಯಲಿನಲ್ಲಿ ಇಷ್ಟು ಕೆಟ್ಟ ಜಾಗ ಇನ್ನೊಂದಿರಲಿಲ್ಲ, ಯಾಕೆಂದರೆ ಇಲ್ಲಿ ಪ್ರಿನ್ಸ್ ಬದುಕುವ ಸಾಧ್ಯತೆಯೇ ಇರಲಿಲ್ಲ. ಸ್ವಲ್ಪ ದಡ್ಡನಾಗಿದ್ದರೆ, ಕಂಪನಿಯನ್ನು ಆ ಗುಡ್ಡದ ಮೇಲೆ ನೆಟ್ಟಗೆ ನಿಲ್ಲಿಸಿದ್ದರೆ, ಎಲ್ಲರೂ ಸುಖವಾಗಿ ಊಟಕ್ಕೆ ಹೋಗಬಹುದಿತ್ತು. ತನ್ನ ಪುಸ್ತಕವನ್ನು ಇಷ್ಟು ಗಮನವಿಟ್ಟು ಓದಿದವನ ಮೇಲೆ ಗ್ರಾಬೋಗೆ ಸಿಟ್ಟು ಬಂತು.

ಬರ್ಚ್ ಮರಗಳ ಸಾಲಿನ ಹಿಂದೆ ಧೂಳು ಎದ್ದಿತು. ಕಹಳೆ ಕೇಳಿತು. ಅವನಿಗೆ ಮೊದಲು ನೆನಪಾದದ್ದು ಬಡ್ತಿಯಲ್ಲ, ಪುಸ್ತಕವಲ್ಲ; ಎರಡನೆಯ ಸಾಲಿನಲ್ಲಿ ಎಲ್ಲೋ ಹಾಸೋ ಇದ್ದಾನೆ ಎಂಬುದು. ಹಾಸೋ ಅವನ ಒಬ್ಬನೇ ಮಗ, ಡ್ರಗೂನ್ ದಳದಲ್ಲಿ ಹೊಸ ಲೆಫ್ಟಿನೆಂಟ್. ಪದಾತಿಯ ಮನೆತನದ ಹುಡುಗ ಕುದುರೆ ದಂಡಿಗೆ ಸೇರಿದ್ದು ಒಟೀಲಿಯಳ ಹಟ. ಡ್ರಗೂನರ ತಿಳಿನೀಲಿ ಕೋಟಿನಲ್ಲಿ ಮಗ ಚೆನ್ನಾಗಿ ಕಾಣುತ್ತಾನೆ, ಒಳ್ಳೆ ಸಂಬಂಧಗಳು ಬರುತ್ತವೆ ಎಂದು. ಹೀಗೆ ಕುದುರೆ ನುಗ್ಗಿಸಿ ಸಾಯುವವರ ಸಂಖ್ಯೆ ಎಷ್ಟೆಂದು ದೇಶಕ್ಕೆಲ್ಲ ಹೇಳಿದ್ದ ಅಪ್ಪ ಮನೆಯಲ್ಲಿ ಮಾತ್ರ ಹೇಳಿರಲಿಲ್ಲ. ದರ್ಜಿಯ ಹತ್ತಿರ ಅಳತೆ ಕೊಡಿಸಲು ಅವನೇ ಜೊತೆಗೆ ಹೋಗಿದ್ದ.

ಬಂದರು. ಇಳಿಜಾರಿನಲ್ಲಿ ಮೊದಲು ಕುಕ್ಕೋಟ, ಆಮೇಲೆ ನಾಗಾಲೋಟ. ನೆಲ ಗುಡುಗಿತು. ಎಲ್ಲರಿಗಿಂತ ಮುಂದೆ ಪ್ರಿನ್ಸ್, ಅರವತ್ತು ದಾಟಿದ ಹೊಟ್ಟೆಯನ್ನು ಪಟ್ಟಿಯಲ್ಲಿ ಬಿಗಿದುಕೊಂಡು, ಕತ್ತಿ ಚಾಚಿ, ಎಳೆಯ ಹುಡುಗನಷ್ಟು ಖುಷಿಯಾಗಿ. ಚೆಂದವಾಗಿತ್ತು, ಸುಳ್ಳು ಹೇಳಬಾರದು. ಇಷ್ಟು ಚೆಂದದ್ದು ಇಷ್ಟು ನಿರುಪಯುಕ್ತವಾಗಿರುವುದು ನ್ಯಾಯವಲ್ಲ ಎಂದು ಗ್ರಾಬೋಗೆ ಪ್ರತಿ ವರ್ಷ ಅನ್ನಿಸುತ್ತಿತ್ತು. ಕಾಲುವೆಯಿಂದ ರೋಲೋಫನ ದನಿ ಕೇಳಿತು, ತರಗತಿಯಲ್ಲಿ ಪಾಠ ಒಪ್ಪಿಸುವ ದನಿ. ಮೊದಲ ಸುತ್ತು. ಒಂದೇ ಸದ್ದು, ಬಟ್ಟೆ ಹರಿದಂತೆ. ಗ್ರಾಬೋ ಕಣ್ಣು ಮಿಟುಕಿಸದೆ ನೋಡಿದ. ಮುಂದಿನ ಸಾಲು ಹೋಯಿತು, ಪ್ರಿನ್ಸ್ ಹೋದರು, ಕಹಳೆಯವನು ಹೋದ. ಯಾರೂ ಬೀಳಲಿಲ್ಲ, ಆದರೂ ಅವನ ಕಣ್ಣೊಳಗೆ ಒಬ್ಬೊಬ್ಬರಾಗಿ ಉರುಳುತ್ತ ಹೋದರು. ಅವನಿಗೆ ಆ ಕಸುಬು ಗೊತ್ತಿತ್ತು. ಎರಡನೆಯ ಸುತ್ತು. ಹೆಚ್ಚು ಶಾಂತವಾಗಿ, ಹೆಚ್ಚು ನಿಖರವಾಗಿ. ಹೊಗೆಯೊಳಗಿಂದ ಹಾಸೋನ ಕಂದು ಕುದುರೆ ಕತ್ತು ಮೇಲೆತ್ತಿ ಹೊರಬಂತು. ಅದರ ಮೇಲಿನ ಹುಡುಗ ಕಣ್ಣು ಮುಚ್ಚಿಕೊಂಡಿದ್ದ. ಅವನೂ ಬಿದ್ದ. ಬಿದ್ದವನು ಒಂದು ಬೂಟು ಕಳೆದುಕೊಂಡು ಎದ್ದು ನೇರ ತನ್ನ ಕಡೆಗೇ ನಡೆದು ಬರುತ್ತಾನೆ ಎಂದು ಗ್ರಾಬೋ ಕಾದ. ಹಾಗೆ ಕಾಯುತ್ತಿರುವಾಗಲೇ ಯಾರೋ, ತೀರ್ಪು, ತೀರ್ಪು ಎಂದು ಕೂಗಿದರು.

ನಿಯಮದಂತೆ ನಡುವೆ ಹೋಗಿ ನಿಲ್ಲಬೇಕಲ್ಲ. ಗ್ರಾಬೋ ಕುದುರೆಗೆ ಹಿಮ್ಮಡಿ ಒತ್ತಿದ. ಎಷ್ಟೋ ವರ್ಷದಿಂದ ಓಡದಿದ್ದ ಮುದಿ ಕುದುರೆ ಕಹಳೆಯ ಸದ್ದಿಗೆ ಪ್ರಾಯ ಬಂದಂತಾಗಿ ಒಂದೇ ನೆಗೆತಕ್ಕೆ ಓಟ ಹಿಡಿಯಿತು. ಆಲೂಗಡ್ಡೆ ಸಾಲುಗಳ ಮೇಲೆ ಎತ್ತಿ ಎತ್ತಿ ಹಾಕಿತು. ಮೂರನೆಯ ಸಾಲೋ ನಾಲ್ಕನೆಯದೋ, ಅಲ್ಲಿ ಕುರು ಒಡೆಯಿತು. ಮೊದಲು ಕಣ್ಣು ಕತ್ತಲಿಟ್ಟಿತು. ಆಮೇಲೆ ದಿನಗಳಿಂದ ಬಿಗಿಹಿಡಿದ ನೋವೆಲ್ಲ ಒಮ್ಮೆಲೇ ಇಳಿದು, ಬೆಚ್ಚಗೆ, ಎಲ್ಲೆಲ್ಲೂ ಒಂದು ಬಗೆಯ ಹಿತ ಹರಡಿತು. ಕೆನ್ನೆಯ ಮೇಲೆ ಕಣ್ಣೀರು ಸುರಿಯುತ್ತಿತ್ತು. ಈ ಸ್ಥಿತಿಯಲ್ಲಿ ಅವನು ಪ್ರಿನ್ಸ್ ಎಬರ್‌ವಿನ್‌ರ ಮುಂದೆ ಬಂದು ನಿಂತ. ಪ್ರಿನ್ಸ್ ಅವನ ಮುಖ ನೋಡಿ ಕರಗಿಹೋದರು. ನೋಡ್ರಯ್ಯ, ಪದಾತಿಯವರಿಗೂ ಹೃದಯ ಇದೆ ಎಂದು ಪಕ್ಕದವರಿಗೆ ಹೇಳಿದರು. ಆಮೇಲೆ ಕತ್ತಿಯನ್ನು ಒರೆಗೆ ಸೇರಿಸುತ್ತ ಕೇಳಿದರು:

“ಏನ್ರೀ ಪ್ರೊಫೆಸರ್, ನಾನು ಸತ್ತಿದೀನೋ ಬದುಕಿದೀನೋ, ಬೇಗ ಹೇಳಿಬಿಡಿ. ಹೊಟ್ಟೆ ಹಸೀತಿದೆ.”

ಕಾಲುವೆಯಲ್ಲಿ ರೋಲೋಫ್ ಎದ್ದು ನಿಂತಿದ್ದ. ಅವನ ಮುಖದಲ್ಲಿ ಸಂಶಯದ ಸುಳಿವೂ ಇರಲಿಲ್ಲ. ಉತ್ತರ ಅವನಿಗೆ ಪುಟದ ಸಮೇತ ಗೊತ್ತಿತ್ತು. ಹಾಸೋ ಹಿಂದಿನ ಸಾಲಿನಿಂದ ಕತ್ತು ಚಾಚಿ ನೋಡುತ್ತಿದ್ದ, ಈಗ ಕಣ್ಣು ತೆರೆದಿತ್ತು. ಗ್ರಾಬೋ, ದಂಡು ನಾಶವಾಗಿದೆ, ಎಂದು ಹೇಳಲೆಂದೇ ಬಾಯಿ ತೆರೆದ. ಅದು ಅವನು ಪ್ರಾಮಾಣಿಕವಾಗಿ ಎತ್ತಿಕೊಂಡ ಉಸಿರು. ಆಮೇಲೆ ಎಷ್ಟು ಸಲ ನೆನೆಸಿಕೊಂಡಾಗಲೂ ಆ ಉಸಿರಿನ ಬಗ್ಗೆ ಅವನಿಗೆ ಅನುಮಾನ ಬರಲಿಲ್ಲ. ಆದರೆ ಆ ಉಸಿರು ಮಾತಾಗುವ ಹೊತ್ತಿಗೆ ಎತ್ತರದ ಟೋಪಿ, ಕನ್ನಡಿ, ಬಾತುಕೋಳಿ, ಖಾಲಿ ಕುರ್ಚಿ ಎಲ್ಲ ಅಡ್ಡ ಬಂದವು. ಜೊತೆಗೆ ಇನ್ನೊಂದು ವಿಚಿತ್ರವೂ ಇತ್ತು. ಹಾಸೋ ಸತ್ತಿದ್ದಾನೆ ಎಂದು ಇಷ್ಟು ಜನರ ಎದುರು ಗಟ್ಟಿಯಾಗಿ ಕೂಗಲು ಅಪ್ಪನಾದವನಿಗೆ ನಾಲಗೆ ಏಳಲಿಲ್ಲ. ಈ ಕಾರಣ ಸಿಕ್ಕಿದ್ದಕ್ಕೆ ಅವನಿಗೆ ಸಮಾಧಾನವಾಯಿತು. ಉಳಿದ ಕಾರಣಗಳಿಗಿಂತ ಇದು ನೋಡಲು ಚೆನ್ನಾಗಿತ್ತು.

“ಪದಾತಿ ತುಳಿತಕ್ಕೆ ಸಿಕ್ಕಿ ಪೂರ್ತಿ ನಾಶ. ದಂಡಿಗೆ ನಷ್ಟ ಅತ್ಯಲ್ಪ,” ಎಂದ.

ಅಷ್ಟಕ್ಕೇ ಬಿಟ್ಟಿದ್ದರೆ ಒಂದು ಸುಳ್ಳು ಅಷ್ಟೆ, ಆದರೆ ಲೇಖಕನಿಗೆ ಸುಳ್ಳಿಗೂ ಆಧಾರ ಬೇಕು. ಯಾರೂ ಕೇಳದಿದ್ದರೂ ವಿವರಿಸತೊಡಗಿದ. ದಂಡಿನ ವೇಗ ಅಸಾಧಾರಣವಾಗಿತ್ತು. ಅಷ್ಟು ವೇಗವಾಗಿ ನುಗ್ಗಿದಾಗ ಬಂದೂಕು ಹಿಡಿದವನ ಎದೆ ನಡುಗುತ್ತದೆ. ಎದೆ ನಡುಗಿದರೆ ನಳಿಗೆ ಮೇಲೇಳುತ್ತದೆ. ಗುಂಡುಗಳೆಲ್ಲ ಸವಾರರ ತಲೆಯ ಮೇಲಿಂದ ಹಾದುಹೋಗಿವೆ. ಹೇಳುತ್ತ ಹೇಳುತ್ತ ವಾಕ್ಯಗಳು ತಾವಾಗಿ ಒಂದರ ಹಿಂದೊಂದು ಸಾಲುಗಟ್ಟಿದವು, ಎರಡನೆಯ ಸಂಪುಟದ ವಾಕ್ಯಗಳಿಗಿಂತ ಸಲೀಸಾಗಿ. ಇರದ ಗುಂಡುಗಳು ಎಲ್ಲಿ ಹೋದವೆಂದು ಇಷ್ಟು ನಿಖರವಾಗಿ ಹೇಳಬಲ್ಲವರು ಯುರೋಪಿನಲ್ಲಿ ಬೇರೆ ಯಾರೂ ಇರಲಿಲ್ಲ. ರೋಲೋಫ್ ಸಲ್ಯೂಟ್ ಹೊಡೆದು ಹೆಲ್ಮೆಟ್ಟು ತೆಗೆದ. ಅವನ ಹಿಂದೆ ಇಡೀ ಕಂಪನಿ ಹೆಲ್ಮೆಟ್ಟು ತೆಗೆದು, ಮಾತಾಡದೆ, ಕಾಲುವೆಯಿಂದ ಹತ್ತಿ ಅಡುಗೆ ಗಾಡಿಗಳ ಕಡೆ ನಡೆಯಿತು. ಸೈನಿಕರ ಮುಖದಲ್ಲಿ ದುಃಖವೇನೂ ಕಾಣಲಿಲ್ಲ. ಸತ್ತವರಿಗೆ ಬಟಾಣಿ ಸೂಪು ಮೊದಲು ಸಿಗುತ್ತದೆ, ಹಂದಿ ಮಾಂಸದ ತುಂಡುಗಳೂ ತಳದಲ್ಲಿ ಇನ್ನೂ ಉಳಿದಿರುತ್ತವೆ.

ಊಟಕ್ಕೆ ಮುಂಚೆ ಅಣಕು ಯುದ್ಧದ ವಿಮರ್ಶೆ. ಕಹಳೆಯವನು ಕರೆದ ಮೇಲೆ ಅಧಿಕಾರಿಗಳೆಲ್ಲ ದಿಬ್ಬದ ಮೇಲೆ ಪ್ರಿನ್ಸ್ ಸುತ್ತ ಉಂಗುರವಾಗಿ ನಿಂತರು. ಗ್ರಾಬೋ ಎಲ್ಲರಿಗಿಂತ ಹಿಂದೆ, ಒಂದು ಪೊದೆಗೆ ಬೆನ್ನು ಕೊಟ್ಟು ನಿಂತಿದ್ದ. ಷರಾಯಿಯ ಹಿಂಭಾಗ ಒದ್ದೆಯಾಗಿತ್ತು, ತಿರುಗಿ ನಿಲ್ಲುವಂತಿರಲಿಲ್ಲ. ಪ್ರಿನ್ಸ್ ಬಹಳ ಹೊತ್ತು ಮಾತಾಡಿದರು. ಕೆಲವರು ಪುಸ್ತಕ ಓದಿ ಕುದುರೆಯ ಕಾಲ ಮುಗಿಯಿತು ಅಂದುಕೊಂಡಿದ್ದಾರೆ. ಇವತ್ತು ಆ ಪುಸ್ತಕ ಬರೆದವರೇ ಕಣ್ಣೀರು ಹಾಕುತ್ತ ತೀರ್ಪು ಕೊಟ್ಟರು. ಇದಕ್ಕಿಂತ ಪ್ರಾಮಾಣಿಕತೆ ಎಲ್ಲಿದೆ ಎಂದರು. ಗ್ರಾಬೋ ತಲೆ ತಗ್ಗಿಸಿದ, ಅದು ವಿನಯ ಎನ್ನಿಸಿಕೊಂಡಿತು. ಆಮೇಲೆ ಪ್ರಿನ್ಸ್ ರೋಲೋಫನನ್ನು ಮುಂದಕ್ಕೆ ಕರೆದು, ನಿಮ್ಮ ಹುಡುಗರ ಗುಂಡುಗಳು ಎಲ್ಲಿ ಹೋದವು ಎಂದು ಕೇಳಿದರು.

ಹೇಳಲಿ, ಎಂದುಕೊಂಡ ಗ್ರಾಬೋ. ಔಷಧಿ ಅಂಗಡಿಯವನ ಮಗ ಹೇಳಲಿ. ನನ್ನ ಹುಡುಗರ ಎದೆ ನಡುಗಲಿಲ್ಲ, ಎರಡು ಸುತ್ತೂ ಒಂದೇ ಸದ್ದಾಗಿ ಬಂತು, ಎಲ್ಲರೂ ಕೇಳಿದಿರಿ, ಪ್ರಭುಗಳು ಸತ್ತಿದ್ದೀರಿ ಎಂದು ಒಂದು ಮಾತು ಹೇಳಲಿ. ತಾನು ಹೇಳಬೇಕಾಗಿದ್ದನ್ನು ಇನ್ನೊಬ್ಬ ಹೇಳಿ ಹಾಳಾಗಲಿ ಎಂದು ಅವನು ಮನಸಾರೆ ಬೇಡಿಕೊಂಡ. ಅವನು ಹೇಳಿದರೆ ತಾನು ಆಗ ಒಂದು ಹೆಜ್ಜೆ ಮುಂದೆ ಬಂದು, ಕ್ಯಾಪ್ಟನ್ ಹೇಳುವುದು ಸರಿ ಎನ್ನಬಹುದಿತ್ತು. ಎನ್ನುತ್ತಿದ್ದೆ ಎಂದು ನಂಬಲು ಅವನಿಗೆ ಏನೂ ಕಷ್ಟವಾಗಲಿಲ್ಲ.

ರೋಲೋಫ್ ಸ್ಪಷ್ಟವಾದ ದನಿಯಲ್ಲಿ, ಗುಂಡುಗಳು ಮೇಲೆ ಹೋದವು, ತಪ್ಪು ತನ್ನದು, ಹುಡುಗರಿಗೆ ಸಾಕಷ್ಟು ತರಬೇತಿ ಕೊಟ್ಟಿರಲಿಲ್ಲ ಎಂದ. ತೀರ್ಪುಗಾರರು ಹೇಳಿದ್ದಕ್ಕೆ ಒಂದಕ್ಷರ ಸೇರಿಸುವುದಿಲ್ಲ ಎಂದ. ಪ್ರಿನ್ಸ್ ಸಂತೋಷದಿಂದ ಗದರಿದರು, ಬೆನ್ನು ತಟ್ಟಿದರು. ಇಂಥ ಸಾಕ್ಷಿ ಹಾಳಾಗಬಾರದು, ಮೇಜರು ತಮ್ಮ ನಾಲ್ಕನೆಯ ಮುದ್ರಣದಲ್ಲಿ ಇದನ್ನು ಸೇರಿಸಲಿ, ಚಳಿಗಾಲದಿಂದ ಎಲ್ಲ ದಳಗಳೂ ಅದನ್ನೇ ಅಭ್ಯಾಸ ಮಾಡಲಿ ಎಂದರು. ಹಾಗೆನ್ನುವಾಗ ಮೇಜರು ಎನ್ನುವ ಬದಲು ಲೆಫ್ಟಿನೆಂಟ್ ಕರ್ನಲ್ ಎಂದುಬಿಟ್ಟು, ನಾಲಗೆ ಕಚ್ಚಿಕೊಂಡು, ಕಣ್ಣು ಮಿಟುಕಿಸಿದರು. ಉಂಗುರದ ತುಂಬ ಪಿಸುಪಿಸು ಹರಡಿತು. ಈ ತನಕ ಗ್ರಾಬೋನಿಂದ ದೂರ ನಿಂತಿದ್ದ ಇಬ್ಬರು ಅಧಿಕಾರಿಗಳು ಪೊದೆಯ ಹತ್ತಿರ ಬಂದು ನಿಂತರು.

ವಿಮರ್ಶೆ ಮುಗಿದು ಎಲ್ಲರೂ ಚದುರುವಾಗ ಗ್ರಾಬೋ ಕುದುರೆಯ ಮರೆಯಲ್ಲಿ ನಡೆಯುತ್ತ ರೋಲೋಫನನ್ನು ಹಿಡಿದ. ಯಾಕೆ ಹಾಗೆ ಹೇಳಿದಿರಿ ಎಂದು ಕೇಳಿದ. ದನಿಯಲ್ಲಿ ಗುರುವಿನ ನಿಷ್ಠುರ ಇತ್ತು, ಅದನ್ನು ಕೇಳಿ ಅವನಿಗೇ ನಾಚಿಕೆಯಾಯಿತು.

“ನೀವೇ ಹೇಳಿದ್ರಲ್ಲ, ಮೇಜರ್ ಸಾಹೇಬರೇ, ಮೇಲೆ ಹೋಯ್ತು ಅಂತ,” ಎಂದ ರೋಲೋಫ್. “ನೀವು ಹೇಳಿದ್ ಮೇಲೆ ಹೋಗಿರಲೇಬೇಕು. ನನಗೂ ಹೆಂಡ್ತಿ ಮಕ್ಕಳಿದ್ದಾರೆ.”

ಕೋಪವಿರಲಿಲ್ಲ ಅವನಲ್ಲಿ. ವ್ಯಂಗ್ಯ ಇದ್ದಿದ್ದರೂ ಗ್ರಾಬೋ ತಡೆದುಕೊಳ್ಳುತ್ತಿದ್ದ. ಬೆಳಿಗ್ಗೆ ಕಾಲುವೆಯ ಹತ್ತಿರ ನಿಂತಿದ್ದ ಅದೇ ವಿಧೇಯ ಶಿಷ್ಯ, ಹೊಸ ಪಾಠವನ್ನೂ ಅಷ್ಟೇ ಶ್ರದ್ಧೆಯಿಂದ ಕಲಿತು ಒಪ್ಪಿಸುತ್ತಿದ್ದ. ಸಲ್ಯೂಟ್ ಹೊಡೆದು ತನ್ನ ಸತ್ತ ಹುಡುಗರ ಬಳಿ ಸೂಪು ಕುಡಿಯಲು ಹೋದ. ಗ್ರಾಬೋ ಅವನ ಬೆನ್ನು ನೋಡುತ್ತ, ಇದನ್ನು ಸರಿಮಾಡಬಹುದು, ನಾಲ್ಕನೆಯ ಮುದ್ರಣದಲ್ಲಿ ಅಡಿಟಿಪ್ಪಣಿಯಾಗಿ ಹಾಕಬಹುದು, ಸಣ್ಣ ಅಕ್ಷರದಲ್ಲಿ, ‘ಕೆಲವು ವಿಶೇಷ ಸಂದರ್ಭಗಳಲ್ಲಿ’ ಎಂದು ಶುರುಮಾಡಿ, ಬುದ್ಧಿವಂತ ಓದುಗ ಸಾಲುಗಳ ನಡುವೆ ನಿಜವನ್ನು ಓದಿಕೊಳ್ಳುವ ಹಾಗೆ ಬರೆಯಬಹುದು ಎಂದು ಯೋಚಿಸಿದ. ಮೊದಲ ವಾಕ್ಯ ಮನಸ್ಸಿನಲ್ಲಿ ಮೂಡಿಯೂ ಬಿಟ್ಟಿತು. ಚೆನ್ನಾಗಿತ್ತು.

ಆಗ ಹಾಸೋ ಬಂದ. ಕುದುರೆಯನ್ನು ಯಾರಿಗೋ ಕೊಟ್ಟು, ಆಲೂಗಡ್ಡೆ ಸಾಲುಗಳನ್ನು ದಾಟಿಕೊಂಡು ಓಡೋಡಿ ಬಂದಿದ್ದ. ಏದುಸಿರು ಬಿಡುತ್ತಿದ್ದ, ಮುಖ ಕೆಂಪೇರಿತ್ತು. ಎಳೆಯ ಮೀಸೆಯ ಮೇಲೆ ಧೂಳು ಕೂತಿತ್ತು. ಮಗ ಹೀಗೆ ತನ್ನ ಕಡೆಗೆ ಓಡಿ ಬಂದು ಎಷ್ಟೋ ವರ್ಷವಾಗಿತ್ತು. ಸೈನ್ಯದ ಶಾಲೆಗೆ ಸೇರಿಸಿದ ಮೇಲೆ ಅವನು ಅಪ್ಪನ ಎದುರು ನೆಟ್ಟಗೆ ನಿಂತು ಕೇಳಿದ್ದಕ್ಕೆ ಉತ್ತರ ಕೊಡುತ್ತಿದ್ದ, ಅಷ್ಟೆ. ಈಗ ಸುತ್ತಮುತ್ತ ನೋಡಿ, ಯಾರೂ ಇಲ್ಲವೆಂದು ಖಾತ್ರಿ ಮಾಡಿಕೊಂಡು, ಅಪ್ಪನ ಕೈ ಹಿಡಿದುಕೊಂಡ.

“ಅಪ್ಪ, ಒಂದ್ ಮಾತು ಹೇಳ್ತೀನಿ, ಬೈಬೇಡಿ. ಶಾಲೇಲಿದ್ದಾಗ ನಿಮ್ಮ ಪುಸ್ತಕ ಕದ್ದು ಓದಿದ್ದೆ. ಎರಡನೇ ಸಂಪುಟ, ಕುದುರೆ ದಂಡು ಸಾಯೋ ಭಾಗ. ಆವಾಗಿಂದ ಪ್ರತಿ ಸಲ ನುಗ್ಗುವಾಗ ಕಣ್ಣು ಮುಚ್ಕೊತೀನಿ. ಯಾರಿಗೂ ಹೇಳಿಲ್ಲ. ಈ ತಿಂಗಳು ಪದಾತಿಗೆ ವರ್ಗ ಮಾಡ್ಸಿ ಅಂತ ನಿಮ್ಮನ್ನ ಕೇಳಬೇಕು ಅಂತಿದ್ದೆ. ಅಮ್ಮ ಏನು ಅಂದ್ಕೊಂಡ್ರೂ ಪರವಾಗಿಲ್ಲ ಅಂತ ಗಟ್ಟಿ ಮಾಡ್ಕೊಂಡಿದ್ದೆ.”

ಅವನು ಉಸಿರು ತೆಗೆದುಕೊಳ್ಳಲು ನಿಂತ. ಗ್ರಾಬೋಗೆ ಮಗನ ಅಂಗೈ ಬೆಚ್ಚಗೆ, ಒದ್ದೆಯಾಗಿ ತಾಗುತ್ತಿತ್ತು. ವರ್ಗ ಮಾಡಿಸೋಣ ಎನ್ನಲು ಅವನು ತಯಾರಾದ. ಆ ಮಾತು ನಾಲಗೆಯ ತುದಿಗೇ ಬಂದಿತ್ತು.

“ಈಗ ಬೇಡ,” ಎಂದ ಹಾಸೋ. “ಬೇರೆ ಯಾರಾದ್ರೂ ತೀರ್ಪು ಕೊಟ್ಟಿದ್ರೆ ನಂಬ್ತಿರಲಿಲ್ಲ, ಪ್ರಿನ್ಸ್‌ಗೆ ಬೆಣ್ಣೆ ಹಚ್ತಾರೆ ಅಂತ ಎಲ್ರಿಗೂ ಗೊತ್ತು. ನೀವು ಹೇಳಿದ್ರಿ. ನೀವು ಸುಳ್ಳು ಹೇಳೋರಲ್ಲ. ಗುಂಡು ಮೇಲೆ ಹೋಗುತ್ತೆ ಅಂದ್ರಲ್ಲ, ಆ ಮಾತು ಕೇಳಿದ ಕೂಡ್ಲೇ ನನ್ನ ಎದೆಯಿಂದ ಒಂದು ಕಲ್ಲು ಇಳಿದ ಹಾಗಾಯ್ತು. ಇನ್ನು ಮೇಲೆ ನಾನು ಹೆದರಲ್ಲ, ಅಪ್ಪ. ನಿಜವಾದ ಯುದ್ಧ ಬಂದ್ರೂ ಹೆದರಲ್ಲ.”

ಸುಳ್ಳು, ಎನ್ನಬೇಕಾಗಿತ್ತು. ನಾನು ಹೇಳಿದ್ದು ಸುಳ್ಳು, ನೀನು ಸತ್ತಿದ್ದೆ, ನಾನು ನೋಡಿದೆ. ಅಷ್ಟೇ. ಎರಡು ಸಂಪುಟ ಬರೆದವನಿಗೆ ದೊಡ್ಡದೇನಲ್ಲ. ಗ್ರಾಬೋ ಮಗನ ಮುಖವನ್ನೇ ನೋಡಿದ. ಆ ಮುಖದಲ್ಲಿ ಅಪ್ಪನ ಬಗ್ಗೆ ಇದ್ದ ಅಭಿಮಾನವನ್ನು ಅವನು ತನ್ನ ಜೀವಮಾನದಲ್ಲಿ ಮೊದಲ ಸಲ ಕಾಣುತ್ತಿದ್ದ. ನಿಜ ಹೇಳಿದರೆ ಹುಡುಗ ಬದುಕುತ್ತಾನೆ, ಆದರೆ ಹೀಗೆ ನೋಡುವುದಿಲ್ಲ. ಇನ್ನೊಂದು ಗಳಿಗೆ ನೋಡಲಿ, ಆಮೇಲೆ ಹೇಳುತ್ತೇನೆ ಎಂದುಕೊಂಡ. ಊಟವಾದ ಮೇಲೆ ಹೇಳಬಹುದು, ಮನೆಗೆ ಹೋದ ಮೇಲೆ ಹೇಳಬಹುದು. ಯುದ್ಧವೇನೂ ನಾಳೆಯೇ ಬರುವುದಿಲ್ಲ.

ಹಿಂದಿನಿಂದ ಭಾರವಾದ ಹೆಜ್ಜೆಯ ಸದ್ದಾಯಿತು. ಪ್ರಿನ್ಸ್ ಎಬರ್‌ವಿನ್ ಕೈಯಲ್ಲಿ ಶಾಂಪೇನ್ ಗ್ಲಾಸು ಹಿಡಿದು ಬಂದು, ಇಬ್ಬರ ನಡುವೆ ನಿಂತು, ಹಾಸೋನ ಹೆಗಲ ಮೇಲೆ ಕೈ ಹಾಕಿದರು. ಹುಡುಗ ಹೊಗೆಯಿಂದ ಹೊರಬಂದದ್ದನ್ನು ತಾವು ನೋಡಿದ್ದಾಗಿ, ಅಪ್ಪನಿಗೆ ತಕ್ಕ ಮಗ ಎಂದು ಮೆಚ್ಚಿ ಹೇಳಿದರು.

“ಇವನನ್ನ ಹಿಂದಿನ ಸಾಲಲ್ಲಿ ಇಟ್ಟಿರೋದು ಅನ್ಯಾಯ ಕಣ್ರೀ. ನಾಳೆಯಿಂದ ಮೊದಲನೇ ಸಾಲು, ನನ್ನ ಪಕ್ಕದಲ್ಲೇ. ನಿಮ್ಮದೇನೂ ಅಭ್ಯಂತರ ಇಲ್ಲ ತಾನೆ?”

ಹಾಸೋ ಅಪ್ಪನ ಕಡೆ ತಿರುಗಿದ. ಅವನ ಕಣ್ಣು ಹೊಳೆಯುತ್ತಿತ್ತು.

ಮೇಜರ್ ಗ್ರಾಬೋ ಎರಡು ಬೂಟುಗಳ ಹಿಮ್ಮಡಿಯನ್ನೂ ಟಕ್ಕೆಂದು ಸೇರಿಸಿ, ತಲೆ ಬಾಗಿಸಿ, ಪ್ರಭುಗಳ ಉಪಕಾರವನ್ನು ತನ್ನ ಮನೆತನ ಎಂದೂ ಮರೆಯುವುದಿಲ್ಲ ಎಂದು ಹೇಳಿದ.